ವೆಚ್ಚ ಆಗ್ಯಾದ, ನೀರು ಎಲ್ಲಿ ಅದ?

ಆ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ. ಎಡಗಡೆ ನಾವು ವಿಧಾನಸಭೆಯಲ್ಲಿ ಕೇಳಿದ ಪ್ರಶ್ನೆ, ಬಲಗಡೆ ಇಲಾಖೆಯ ಉತ್ತರ. (ಅ) ಗೆ ‘ಹೌದು’. (ಆ) ಗೆ ‘ವಿವರಗಳನ್ನು ಅನುಬಂಧದಲ್ಲಿ ಒದಗಿಸಲಾಗಿದೆ’. (ಇ) ಗೆ ‘ಉದ್ಭವಿಸುವುದಿಲ್ಲ’. ಅನುಬಂಧ ತಿರುವಿದರೆ ಒಂದೇ ಸಾಲು. ಅನುದಾನ ಇಷ್ಟು, ಬಿಡುಗಡೆ ಇಷ್ಟು, ವೆಚ್ಚ ಇಷ್ಟು. ಮೂರೂ ಕಡೆ ಒಂದೇ ಅಂಕಿ.

ನಾನು ಕಲಬುರಗಿ ಜಿಲ್ಲೆಯ ಒಬ್ಬ ಶಾಸಕರ ಹತ್ತಿರ ಆಪ್ತ ಸಹಾಯಕ. ಜಿಲ್ಲೆಯಲ್ಲಿ 9 ಕ್ಷೇತ್ರಗಳಿವೆ. ಯಾವುದು ಅಂತ ಬರೆಯುವುದಿಲ್ಲ, ಇಲಾಖೆಯ ಹೆಸರೂ ಬರೆಯುವುದಿಲ್ಲ. ಈ ಕಥೆಯಲ್ಲಿ ಬರುವ ತಾಲ್ಲೂಕು ಕಚೇರಿಯ ಹುಡುಗರಿಗೆ ನನ್ನಿಂದ ತೊಂದರೆ ಆಗಬಾರದು. ಆದರೆ ಒಂದು ಪ್ರಶ್ನೆ ಹೇಗೆ ಹುಟ್ಟುತ್ತದೆ, ಎಲ್ಲೆಲ್ಲಿ ಓಡಾಡಿ ವಾಪಸ್ ಬರುತ್ತದೆ ಅನ್ನುವುದು ಜನರಿಗೆ ಗೊತ್ತಿರಬೇಕು ಅಂತ ಅನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಕೇಳಿದ್ದು ಶುದ್ಧ ಕುಡಿಯುವ ನೀರಿನ ಘಟಕಗಳ ಬಗ್ಗೆ. ಊರಲ್ಲಿ ಎಲ್ಲರೂ ‘ಫಿಲ್ಟರ್ ನೀರು’ ಅನ್ನುತ್ತಾರಲ್ಲ, ಅದು. ನಮ್ಮ ಭಾಗದ ಎಷ್ಟೋ ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಹಳದಿ ಆದ ಮಕ್ಕಳನ್ನು ನೋಡಿಕೊಂಡೇ ಬೆಳೆದವನು ನಾನು. ಕಾಸು ಹಾಕಿ ಒಂದು ಕ್ಯಾನ್ ನೀರು ಹಿಡಿಯುವ ಆ ಸಣ್ಣ ಕಟ್ಟಡ ನಮ್ಮ ಕಡೆ ಸಣ್ಣ ವಿಷಯ ಅಲ್ಲ.

ಉತ್ತರ ಬಂದ ದಿನ ಸಾಹೇಬರು ಅದನ್ನು ಎರಡು ಸಲ ಓದಿದರು. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಆಗಲಿಲ್ಲ. “ಉತ್ತರ ಸರಿ ಅದ ತಮ್ಮಾ. ಪ್ರಶ್ನೆ ನಾವೇ ತಪ್ಪು ಕೇಳೀವಿ” ಅಂದರು.

ನನಗೆ ಅರ್ಥ ಆಗಲಿಲ್ಲ. ಖಜಾನೆಯಲ್ಲಿ ಕೆಲಸ ಮಾಡಿ ನಿವೃತ್ತಿ ಆದ ಒಬ್ಬ ಕಾಕಾ ಇದ್ದಾರೆ, ನಮ್ಮ ತಂದೆಯ ಸ್ನೇಹಿತರು. ಮಿನಿ ವಿಧಾನಸೌಧದ ಹತ್ತಿರ ಚಹಾ ಕುಡಿಯುತ್ತಾ ಹಾಳೆ ತೋರಿಸಿದೆ. ಅವರು ಕನ್ನಡಕ ಹಣೆ ಮೇಲೆ ಏರಿಸಿ ‘ವೆಚ್ಚ’ ಅನ್ನುವ ಪದದ ಮೇಲೆ ಬೆರಳಿಟ್ಟರು.

“ರೊಕ್ಕ ಖಜಾನೆ ದಾಟ್ತು ಅಂದ್ರ ಅದು ವೆಚ್ಚ ತಮ್ಮಾ. ಕೆಲಸ ಮಾಡೋ ಏಜೆನ್ಸಿ ಖಾತೆಗೆ ಹೋಗಿ ಕುಂತ್ರೂ ವೆಚ್ಚನ. ಊರಾಗ ನೀರು ಬಂತೋ ಇಲ್ಲೋ, ಖಜಾನಿಗಿ ಹ್ಯಾಂಗ ಗೊತ್ತಾಗಬೇಕು?”

ಅಷ್ಟೇ. ಇಷ್ಟು ವರ್ಷ ಶಾಸಕರ ಕಚೇರಿಯಲ್ಲಿ ಕೂತು ನನಗೆ ಇದು ಗೊತ್ತಿರಲಿಲ್ಲ. ‘ಅನುದಾನ’ ಅಂದರೆ ಬಜೆಟ್ಟಿನಲ್ಲಿ ತೋರಿಸಿದ್ದು. ‘ಬಿಡುಗಡೆ’ ಅಂದರೆ ಆರ್ಥಿಕ ಇಲಾಖೆ ಕೊಟ್ಟಿದ್ದು. ‘ವೆಚ್ಚ’ ಅಂದರೆ ಇಲಾಖೆ ಕೈಯಿಂದ ಮುಂದಕ್ಕೆ ಹೋಗಿದ್ದು. ಕೆಲಸ ಆಗಿದೆಯಾ ಅಂತ ತಿಳಿಯಬೇಕಾದರೆ ಈ ಮೂರನ್ನೂ ಬಿಟ್ಟು ಬೇರೆ ಕೇಳಬೇಕು. ಆದ ಕೆಲಸ ಅಳೆದು ಬರೆಯುವ ಅಳತೆ ಪುಸ್ತಕದಲ್ಲಿ ಯಾವತ್ತು ಬರೆದರು? ಬಳಕೆ ಪ್ರಮಾಣಪತ್ರ ಯಾರು ಕೊಟ್ಟರು? ಪಂಚಾಯಿತಿಗೆ ಯಾವತ್ತು ಹಸ್ತಾಂತರ ಆಯಿತು? ಇವತ್ತು ನಡೀತಾ ಇದೆಯಾ?

ಮರುದಿನದಿಂದ ಊರು ತಿರುಗಲು ಶುರು ಮಾಡಿದೆ. ಸಾಹೇಬರೇ ಹೇಳಿದ್ದು: “ಮೊದಲು ಕಣ್ಣಿಲೆ ನೋಡಿ ಬಾ. ಆಮ್ಯಾಲ ಪ್ರಶ್ನಿ ಬರಿಯೋಣ.” ಬೈಕಿನಲ್ಲಿ ನಾಲ್ಕು ದಿನ, ಹನ್ನೊಂದು ಊರು. ತೊಗರಿ ಹೂ ಬಿಟ್ಟಿದ್ದ ಸಮಯ. ಏಳು ಕಡೆ ಘಟಕ ನಡೆಯುತ್ತಿತ್ತು. ಅದನ್ನೂ ಹೇಳಬೇಕು. ಒಂದು ಊರಲ್ಲಂತೂ ಮಹಿಳಾ ಸಂಘದವರು ಎಷ್ಟು ಚೆಂದ ನೋಡಿಕೊಂಡಿದ್ದರು ಅಂದರೆ, ಗೋಡೆಗೆ ಸುಣ್ಣ, ಮುಂದೆ ರಂಗೋಲಿ, ಒಂದು ನೋಟ್‌ಬುಕ್ಕಿನಲ್ಲಿ ದಿನದ ಲೆಕ್ಕ. ಸರ್ಕಾರದ ದುಡ್ಡು ಹಾಳಾಗಿಯೇ ಹೋಗುತ್ತದೆ ಅನ್ನುವವರಿಗೆ ಆ ನೋಟ್‌ಬುಕ್ ತೋರಿಸಬೇಕು.

ನಾಲ್ಕು ಕಡೆ ಕೀಲಿ.

ಅದರಲ್ಲಿ ಒಂದನ್ನು ಮರೆಯಲು ಆಗುವುದಿಲ್ಲ. ಶಾಲೆಯ ಪಕ್ಕದಲ್ಲೇ ಇತ್ತು. ತಗಡಿನ ಬಾಗಿಲು, ಅದಕ್ಕೆ ತುಕ್ಕು ಹಿಡಿದ ಕೀಲಿ. ಕಾಸು ಹಾಕುವ ತೂತಿಗೆ ಯಾರೋ ಮಕ್ಕಳು ಐಸ್‌ಕ್ಯಾಂಡಿ ಕಡ್ಡಿ ತುರುಕಿದ್ದರು. ನೀರು ಬೀಳುವ ನಳದ ಕೆಳಗೆ ಕ್ಯಾನ್ ಇಡಲು ಕಟ್ಟಿದ ಕಟ್ಟೆ ಹೊಸದರ ಹಾಗೇ ಇತ್ತು. ಅದರ ಮೇಲೆ ಕ್ಯಾನಿನ ಒಂದು ಗುರುತೂ ಬಿದ್ದಿರಲಿಲ್ಲ. ಕಿಟಕಿಯಿಂದ ಇಣುಕಿದೆ. ಉದ್ದನೆ ಬಿಳಿ ಕೊಳವೆಗಳು, ಅವುಗಳ ಒಳಗೆ ಇರಬೇಕಾದ, ನೀರು ಸೋಸುವ ಮೆಂಬ್ರೇನ್ ಇಲ್ಲ. ಒಂದು ಕೊಳವೆಯ ಬಾಯಿ ತೆರೆದೇ ಇತ್ತು. ಗೋಡೆ ಮೇಲೆ ಮಾತ್ರ ಬೋರ್ಡು: ಯೋಜನೆ ಹೆಸರು, ಅಂದಾಜು ಮೊತ್ತ, ವರ್ಷ.

ಅಲ್ಲೇ ಒಬ್ಬ ಅವ್ವ ಎರಡು ಕೊಡ ಹೊತ್ತು ಹೋಗುತ್ತಿದ್ದರು. “ಅವ್ವಾ, ಇದು ಎಂದಾದ್ರೂ ಚಾಲೂ ಆಗಿತ್ತೇನು?” ಅಂತ ಕೇಳಿದೆ. “ಉದ್ಘಾಟನಾ ದಿನ ಬಂದಿತ್ತಪಾ ನೀರು. ಒಂದ್ ಗ್ಲಾಸ್ ನಾನೂ ಕುಡದೀನಿ” ಅಂದರು.

ಅದೇ ಕಟ್ಟೆ ಮೇಲೆ ಒಬ್ಬ ಮುತ್ಯಾ (ಅಜ್ಜ) ರೇಡಿಯೋ ಹಿಡಿದು ಕೂತಿದ್ದರು. ಈಗಲೂ ನಮ್ಮ ಹಳ್ಳಿಗಳಲ್ಲಿ ಸಂಜೆ ಹೊತ್ತು ಆಕಾಶವಾಣಿಯ ಕೃಷಿರಂಗ ಕೇಳುವವರಿದ್ದಾರೆ. ಅವರು ನನ್ನ ಫೋಟೋ ತೆಗೆಯುವ ಕೆಲಸ ಅಷ್ಟೂ ಹೊತ್ತು ನೋಡಿ, ಕೊನೆಗೆ ಕೇಳಿದರು: “ರೇಡಿಯೋದಾಗ ಶುದ್ಧ ನೀರು ಕುಡೀರಿ, ಶುದ್ಧ ನೀರು ಕುಡೀರಿ ಅಂತ ಹೇಳ್ತಾರಲ್ಲ, ಅದಕ್ಕ ರೊಕ್ಕ ಯಾರು ಕೊಡ್ತಾರ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈಕ್ ಹತ್ತಿದ ಮೇಲೂ ಆ ಮಾತು ತಲೆಯಲ್ಲೇ ಇತ್ತು. ಘಟಕ ಕಟ್ಟಲು ಒಂದು ಲೆಕ್ಕ. ಅದರ ನೀರು ಕುಡೀರಿ ಅಂತ ಹೇಳಲು ಇನ್ನೊಂದು ಲೆಕ್ಕ. ಹಾಗಾಗಿ ನಮ್ಮ ಒಂದು ಪ್ರಶ್ನೆ ಮೂರಾಯಿತು. ಘಟಕದ ಇಲಾಖೆಗೆ ಒಂದು, ಪ್ರಚಾರ ಕೊಡುವ ಇಲಾಖೆಗೆ ಒಂದು. ಮೂರನೆಯದು ರೇಡಿಯೋ ಬಗ್ಗೆ.

ವಿಧಾನಸಭೆಯಲ್ಲಿ ಎರಡು ಥರ ಪ್ರಶ್ನೆ. ಚುಕ್ಕೆ ಗುರುತಿನದಕ್ಕೆ ಮಂತ್ರಿಗಳು ಸದನದಲ್ಲಿ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಅಷ್ಟೇ. ಮೊದಲ ಸಲ ನಾವು ಕೇಳಿದ್ದು ಲಿಖಿತ. ಈ ಸಲ ಘಟಕದ ಪ್ರಶ್ನೆಗೆ ಚುಕ್ಕೆ ಹಾಕಿಸಿದೆವು. ಪಟ್ಟಿಯಲ್ಲಿ ಮೇಲೆ ಬರುತ್ತದೋ ಇಲ್ಲವೋ ಅದು ನಮ್ಮ ಕೈಯಲ್ಲಿಲ್ಲ. ಕೆಳಗೆ ಬಿದ್ದರೆ ಪ್ರಶ್ನೋತ್ತರದ ಹೊತ್ತು ಮುಗಿದುಹೋಗುತ್ತದೆ, ಹಾಳೆ ಮಾತ್ರ ಕೈಗೆ ಬರುತ್ತದೆ.

ಬರೆಯುವ ರೀತಿಗೂ ನಿಯಮ ಇದೆ. ವಾದ ಮಾಡುವ ಹಾಗಿಲ್ಲ, ಆರೋಪ ಸೇರಿಸುವ ಹಾಗಿಲ್ಲ, ಮಂತ್ರಿಗಳ ಅಭಿಪ್ರಾಯ ಕೇಳುವ ಹಾಗಿಲ್ಲ. ಮಾಹಿತಿ ಕೇಳಬೇಕು. ನನ್ನ ಮೊದಲ ಕರಡಿನಲ್ಲಿ ಸಿಟ್ಟೇ ಜಾಸ್ತಿ ಇತ್ತು. ‘ಘಟಕಗಳು ಹಾಳು ಬಿದ್ದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ’ ಅಂತ ಶುರು ಮಾಡಿದ್ದೆ. ಸಾಹೇಬರು ಆ ಸಾಲು ಹೊಡೆದು ಹಾಕಿದರು. “ಇದಕ್ಕ ‘ಬಂದಿರುವುದಿಲ್ಲ’ ಅಂತ ಬರೀತಾರ. ಅಲ್ಲಿಗಿ ಮುಗೀತು” ಅಂದರು. ಕೊನೆಗೆ ಹೋದ ಪ್ರಶ್ನೆ ಹೀಗಿತ್ತು:

‘(ಅ) ಸದರಿ ಕ್ಷೇತ್ರದಲ್ಲಿ ಕಳೆದ ಐದು ವರ್ಷಗಳಲ್ಲಿ ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳೆಷ್ಟು; (ಗ್ರಾಮವಾರು, ಲೆಕ್ಕ ಶೀರ್ಷಿಕೆವಾರು ವಿವರ ನೀಡುವುದು) (ಆ) ಪ್ರತಿ ಘಟಕದ ಕಾಮಗಾರಿ ಪೂರ್ಣಗೊಂಡ ದಿನಾಂಕ, ಗ್ರಾಮ ಪಂಚಾಯಿತಿಗೆ ಹಸ್ತಾಂತರಿಸಿದ ದಿನಾಂಕ ಯಾವುದು; (ಇ) ಈ ಪ್ರಶ್ನೆಗೆ ಉತ್ತರಿಸುವ ದಿನದಂದು ಯಾವ ಘಟಕಗಳು ಚಾಲನೆಯಲ್ಲಿವೆ, ಯಾವುವು ಸ್ಥಗಿತಗೊಂಡಿವೆ; (ಈ) ನಿರ್ವಹಣೆಗೆ ಪಾವತಿಸಿದ ಮೊತ್ತವೆಷ್ಟು, ಯಾರಿಗೆ ಪಾವತಿಸಲಾಗಿದೆ?’

(ಇ) ದಲ್ಲಿರುವ ‘ಉತ್ತರಿಸುವ ದಿನದಂದು’ ಅನ್ನುವ ಪದ ಸಾಹೇಬರದ್ದು. ಆ ಒಂದು ಪದಕ್ಕೆ ಎಷ್ಟು ಶಕ್ತಿ ಇದೆ ಅಂತ ಆಮೇಲೆ ಗೊತ್ತಾಯಿತು.

ವಿಧಾನಸಭೆಯ ಪ್ರಶ್ನೆ ಅನ್ನುವುದಕ್ಕೆ ಕಚೇರಿಗಳಲ್ಲಿ ಇಂಗ್ಲಿಷಿನ ಮೊದಲಕ್ಷರ ಹಿಡಿದು ‘ಎಲ್‌ಎಕ್ಯೂ’ ಅನ್ನುತ್ತಾರೆ. ‘ಎಲ್‌ಎಕ್ಯೂ ಬಂದದ’ ಅಂದರೆ ಆ ದಿನ ಯಾರೂ ಆರು ಗಂಟೆಗೆ ಮನೆಗೆ ಹೋಗುವುದಿಲ್ಲ. ಪ್ರಶ್ನೆ ಸಚಿವಾಲಯದಿಂದ ಇಲಾಖೆ ಮುಖ್ಯಸ್ಥರಿಗೆ, ಅಲ್ಲಿಂದ ಜಿಲ್ಲಾ ಪಂಚಾಯಿತಿಗೆ, ಕಾರ್ಯಪಾಲಕ ಎಂಜಿನಿಯರಿಗೆ, ತಾಲ್ಲೂಕಿನ ಎಇಇಗೆ (ಸಹಾಯಕ ಕಾರ್ಯಪಾಲಕ ಎಂಜಿನಿಯರಿಗೆ), ಕೊನೆಗೆ ಗ್ರಾಮ ಪಂಚಾಯಿತಿಯ ಅಧಿಕಾರಿ ಪಿಡಿಓ ಮೊಬೈಲಿಗೆ ಬರುತ್ತದೆ. ಉತ್ತರ ಅದೇ ಮೆಟ್ಟಿಲು ಹತ್ತಿ ವಾಪಸ್ ಹೋಗುತ್ತದೆ. ಹತ್ತುವಾಗ ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಪಿಡಿಓ ‘ಮೋಟಾರ್ ಸುಟ್ಟಿದೆ’ ಅಂತ ಬರೆದಿದ್ದು ಮೇಲೆ ಹೋಗುವಷ್ಟರಲ್ಲಿ ‘ದುರಸ್ತಿ ಪ್ರಗತಿಯಲ್ಲಿದೆ’ ಆಗಿರುತ್ತದೆ. ಯಾರೂ ಬೇಕಂತ ಸುಳ್ಳು ಬರೆದಿರುವುದಿಲ್ಲ. ಮೇಲಿನವರಿಗೆ ಮುಜುಗರ ಆಗಬಾರದು ಅಂತ ಒಬ್ಬೊಬ್ಬರೂ ಒಂದೊಂದು ಪದ ಮೆತ್ತಗೆ ಮಾಡುತ್ತಾರೆ. ಇದು ನನಗೆ ತುಂಬಾ ನೋವು ಕೊಟ್ಟ ವಿಷಯ. ಆ ಅವ್ವನ ಎರಡು ಕೊಡದ ಭಾರ ಒಂದು ಮೆತ್ತಗಿನ ಪದದಿಂದ ಕಡಿಮೆ ಆಗುವುದಿಲ್ಲ.

ರೇಡಿಯೋದ ವಿಷಯಕ್ಕೆ ಬರುತ್ತೇನೆ. ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿಗೆ ಸೇರಿದ್ದು. 1990ರ ಕಾಯ್ದೆ, 1997ರಲ್ಲಿ ಜಾರಿಗೆ ಬಂತು. ಅದು ಕೇಂದ್ರದ್ದು. ಹಾಗಾಗಿ ನಮ್ಮ ಶಾಸಕರು ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ನಿಂತು ‘ಕಲಬುರಗಿ ಆಕಾಶವಾಣಿಗೆ ಎಷ್ಟು ಖರ್ಚಾಯಿತು’ ಅಂತ ಕೇಳಲು ಆಗುವುದಿಲ್ಲ. ಆದರೆ ‘ರಾಜ್ಯದ ಇಲಾಖೆ ರೇಡಿಯೋ ಪ್ರಚಾರಕ್ಕೆ ಎಷ್ಟು ಕೊಟ್ಟಿತು’ ಅಂತ ಕೇಳಬಹುದು. ಆರೋಗ್ಯ, ಕೃಷಿ, ನೀರು ಹೀಗೆ ಬೇರೆ ಬೇರೆ ಇಲಾಖೆಗಳು ದುಡ್ಡು ಕೊಟ್ಟು ಪ್ರಾಯೋಜಿತ ಕಾರ್ಯಕ್ರಮ ಮಾಡಿಸುತ್ತವೆ. ಮುತ್ಯಾ ಕೇಳಿದ್ದು ಈ ದುಡ್ಡಿನ ಬಗ್ಗೆ.

ಇನ್ನುಳಿದದ್ದು ಕೇಂದ್ರದ ದುಡ್ಡು. ಅದಕ್ಕೆ ಸಂಸತ್ತೇ ಬೇಕು. ಸಾಹೇಬರು ಒಬ್ಬ ಸಂಸದರ ಕಚೇರಿಗೆ ಪತ್ರ ಬರೆದರು, ಕರಡು ನಾನು ಮಾಡಿದೆ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನ ಪ್ರಶ್ನೆ 20, ಚುಕ್ಕೆ ಇಲ್ಲದ್ದು 230. ಬರುವ ನೋಟಿಸುಗಳೋ ಅದಕ್ಕಿಂತ ಎಷ್ಟೋ ಪಟ್ಟು, ಅದಕ್ಕೇ ಚೀಟಿ ಎತ್ತುತ್ತಾರೆ. ಸರ್ಕಾರ ನೇರವಾಗಿ ಹೊಣೆ ಅಲ್ಲದ ಸಂಸ್ಥೆಯ ಕೈಯಲ್ಲಿರುವ ವಿಷಯ ಕೇಳುವಂತಿಲ್ಲ ಅನ್ನುವ ನಿಯಮವೂ ಇದೆ. ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ. ಆದ್ದರಿಂದ ಸರ್ಕಾರವೇ ಕೊಟ್ಟ ದುಡ್ಡನ್ನು ಹಿಡಿದು ಕೇಳಬೇಕು. 2023ರ ಜನವರಿಯಲ್ಲಿ ಕೇಂದ್ರ ಸಂಪುಟ ‘ಬಿಂಡ್’ ಅನ್ನುವ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಆಕಾಶವಾಣಿ, ದೂರದರ್ಶನದ ಟ್ರಾನ್ಸ್‌ಮಿಟರ್, ಸ್ಟುಡಿಯೋ ಎಲ್ಲ ಹೊಸದು ಮಾಡಲು 2,539.61 ಕೋಟಿ ರೂಪಾಯಿ, 2025-26ರವರೆಗೆ. ಅದರಲ್ಲಿ ನಮ್ಮ ಪಾಲು ಎಷ್ಟು ಅಂತ ಬರೆದೆ.

ಈ ಪ್ರಶ್ನೆ ಬರೆಯುವಾಗ ನನಗೆ ಬೇರೆಯೇ ಒಂದು ಕಕ್ಕುಲಾತಿ ಇತ್ತು. ನಮ್ಮ ಕಲಬುರಗಿಗೂ ಸಾರ್ವಜನಿಕ ಪ್ರಸಾರಕ್ಕೂ ಹಳೇ ನಂಟು. 1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಅನ್ನುವ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ. ಆ ಹಳ್ಳಿಗಳಲ್ಲಿ ನಮ್ಮ ಜಿಲ್ಲೆಯವೂ ಇದ್ದವು. ಶಹರದ ಎಷ್ಟೋ ಮನೆಗಳಿಗಿಂತ ಮೊದಲೇ ನಮ್ಮ ಹಳ್ಳಿಯ ಜನ ಪಂಚಾಯಿತಿ ಅಂಗಳದಲ್ಲಿ ಕೂತು ಟಿವಿ ನೋಡಿದ್ದಾರೆ. ಅದನ್ನು ನಮ್ಮ ತಾಯಿ ಈಗಲೂ ಹೇಳುತ್ತಾರೆ. ಹಾಗಾಗಿ ನಾನು ಲೆಕ್ಕ ಕೇಳಿದ್ದು ಆಕಾಶವಾಣಿ ಕೇಂದ್ರ ಮುಚ್ಚಲಿ ಅಂತ ಅಲ್ಲ. ಇನ್ನೂ ಚೆನ್ನಾಗಿ ನಡೆಯಲಿ, ಮುತ್ಯಾನ ರೇಡಿಯೋದಲ್ಲಿ ಗರಗರ ಸದ್ದು ಬರದಿರಲಿ ಅಂತ.

ಅಧಿವೇಶನ ಬೆಳಗಾವಿಯಲ್ಲಿ ಇತ್ತು. ರಾತ್ರಿ ಬಸ್ಸಿನಲ್ಲಿ ವಿಜಯಪುರದ ಮೇಲೆ ಹೋದೆ. ಬೆಳಗಾವಿಯ ಚಳಿ ನಮ್ಮ ಕಡೆಯವರಿಗೆ ಒಗ್ಗುವುದಿಲ್ಲ. ಸುವರ್ಣ ವಿಧಾನಸೌಧದ ಮೆಟ್ಟಿಲ ಹತ್ತಿರ ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದೆ. ಬೆಳಿಗ್ಗೆ ಉತ್ತರದ ಪ್ರತಿ ಕೈಗೆ ಬಂತು. ಈ ಸಲ ಅನುಬಂಧ ಒಂದು ಸಾಲು ಅಲ್ಲ, ಆರು ಪುಟ. ಗ್ರಾಮವಾರು ಬಂದಿತ್ತು. ನಾನು ನೋಡಿದ ಹನ್ನೊಂದು ಊರುಗಳಲ್ಲಿ ಹತ್ತರ ಮುಂದೆ ‘ಚಾಲನೆಯಲ್ಲಿದೆ’. ಕೀಲಿ ಹಾಕಿದ ನಾಲ್ಕರಲ್ಲಿ ಮೂರು ಆ ಹತ್ತರಲ್ಲಿ ಸೇರಿದ್ದವು.

ಶಾಲೆ ಪಕ್ಕದ ಘಟಕದ ಮುಂದೆಯೂ ‘ಚಾಲನೆಯಲ್ಲಿದೆ’. ನಿರ್ವಹಣೆಗೆ ದುಡ್ಡು ಕೊಟ್ಟಿದ್ದೂ ಇತ್ತು.

ಹಿಂದಿನ ದಿನ ಸಂಜೆಯೇ ನಾನು ಆ ಊರಿನ ಶಾಲೆಯ ಹತ್ತಿರದ ಹುಡುಗನಿಗೆ ಫೋನ್ ಮಾಡಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಅವನು ಫೋಟೋ ಕಳಿಸಿದ. ಅದೇ ಕೀಲಿ, ಅದೇ ಕಡ್ಡಿ. ‘ಉತ್ತರಿಸುವ ದಿನದಂದು’ ಅಂತ ಕೇಳಿದ್ದರ ಅರ್ಥ ಆಗ ಪೂರ್ತಿ ತಿಳಿಯಿತು. ಹೋದ ತಿಂಗಳು ನಡೀತಿತ್ತು ಅಂತ ತಪ್ಪಿಸಿಕೊಳ್ಳಲು ದಾರಿ ಇಲ್ಲ.

ನಮ್ಮ ಪ್ರಶ್ನೆ ಬರುವಷ್ಟರಲ್ಲಿ ಹೊತ್ತು ಮುಗಿಯುತ್ತಾ ಬಂದಿತ್ತು. ಗ್ಯಾಲರಿಯಲ್ಲಿ ಕೂತ ನನಗೆ ಗಡಿಯಾರ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮಂತ್ರಿಗಳು ಎದ್ದು “ಉತ್ತರ ಒದಗಿಸಲಾಗಿದೆ” ಅಂದರು. ಸಾಹೇಬರು ಎದ್ದರು. ಭಾಷಣ ಮಾಡಲಿಲ್ಲ. ಅನುಬಂಧದ ಪುಟ ಸಂಖ್ಯೆ ಹೇಳಿದರು, ಕ್ರಮಸಂಖ್ಯೆ ಹೇಳಿದರು, ಊರಿನ ಹೆಸರು ಹೇಳಿದರು. “ಇಲ್ಲಿ ಮೆಂಬ್ರೇನೇ ಇಲ್ಲ. ಇವತ್ತು ಬೆಳಿಗ್ಗೆ ಒಂಬತ್ತು ಗಂಟೆಗೂ ಕೀಲಿ ಇತ್ತು. ನಿರ್ವಹಣೆಗೆ ಕೊಟ್ಟ ದುಡ್ಡು ಯಾತಕ್ಕೆ?” ಹೀಗೇ ಉಳಿದ ಎರಡರದ್ದೂ. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಸದನದಲ್ಲಿ ಅಷ್ಟೊತ್ತು ಗುಸುಗುಸು ಇದ್ದದ್ದು ಸ್ವಲ್ಪ ತಣ್ಣಗಾಯಿತು. ಮಂತ್ರಿಗಳು ಅಧಿಕಾರಿಗಳ ಕಡೆ ನೋಡಿದರು, ಒಂದು ಚೀಟಿ ಬಂತು, ಓದಿದರು, ಪಕ್ಕಕ್ಕಿಟ್ಟರು. “ಮೇಲಧಿಕಾರಿಯನ್ನು ಕಳಿಸಿ ಎಲ್ಲಾ ಘಟಕಗಳ ತಪಾಸಣೆ ಮಾಡಿಸುತ್ತೇನೆ” ಅಂದರು.

ಆ ಮಾತು ಸುಮ್ನೆ ಹೋಗುವುದಿಲ್ಲ. ಸದನದಲ್ಲಿ ಮಂತ್ರಿ ಕೊಟ್ಟ ಭರವಸೆ ಈಡೇರಿತೋ ಇಲ್ಲವೋ ನೋಡಲು ಭರವಸೆಗಳ ಸಮಿತಿ ಅಂತಲೇ ಒಂದು ಇದೆ. ಆ ವಾಕ್ಯವನ್ನು ನಾನು ನಡವಳಿಯಿಂದ ಹಾಗೇ ಇಳಿಸಿಕೊಂಡು, ದಿನಾಂಕ ಹಾಕಿ, ಫೈಲಿಗೆ ಸೇರಿಸಿದೆ.

ಪ್ರಚಾರದ ಪ್ರಶ್ನೆಗೆ ಬಂದ ಲಿಖಿತ ಉತ್ತರ ಮಾತ್ರ ನಿರಾಸೆ ಮಾಡಿತು. ಪತ್ರಿಕೆ, ಟಿವಿ, ರೇಡಿಯೋ, ಬಸ್ಸಿನ ಮೇಲಿನ ಜಾಹೀರಾತು, ಗೋಡೆ ಬರಹ ಎಲ್ಲಾ ಸೇರಿಸಿ ‘ಪ್ರಚಾರ ವೆಚ್ಚ’ ಅಂತ ಒಂದೇ ಮೊತ್ತ. ಮಾಧ್ಯಮವಾರು ಕೊಡಿ ಅಂತ ನಾವು ಕೇಳಿರಲಿಲ್ಲ. ದೆಹಲಿಯದ್ದೂ ಅದೇ ಕಥೆ. ಮೊದಲ ಸಲ ಚೀಟಿಯಲ್ಲಿ ಹೆಸರು ಬರಲಿಲ್ಲ. ಎರಡನೇ ಸಲ ಬಂತು, ಲಿಖಿತ ಉತ್ತರವೂ ಬಂತು, ಆದರೆ ರಾಜ್ಯವಾರು. ಒಂದೊಂದು ಆಕಾಶವಾಣಿ ಕೇಂದ್ರದ ಲೆಕ್ಕ ಬೇರೆ ಕೇಳುವ ‘ಕೇಂದ್ರವಾರು’ ಅನ್ನುವ ಪದ ನನ್ನ ಕರಡಿನಲ್ಲಿ ಇರಲಿಲ್ಲ. ಒಂದು ಪದ ಬಿಟ್ಟಿದ್ದಕ್ಕೆ ಇಡೀ ಒಂದು ಅಧಿವೇಶನ ಹೋಯಿತು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇಷ್ಟೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ನಮ್ಮ ಭಾಗಕ್ಕೆ ಈಗ ಬರುವ ದುಡ್ಡು ಹಿಂದಿನ ಹಾಗಿಲ್ಲ, ಅದಕ್ಕೆ. ಸಂವಿಧಾನಕ್ಕೆ 98ನೇ ತಿದ್ದುಪಡಿ ಆಗಿ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ವರ್ಷಕ್ಕೆ 1,500 ಕೋಟಿ ಇದ್ದದ್ದು 2022-23ರಲ್ಲಿ 3,000 ಕೋಟಿ, 2023-24ರಲ್ಲಿ 5,000 ಕೋಟಿ ಆಯಿತು. ಮಂಡಳಿಯ ಕೆಲಸದ ವರದಿಯನ್ನು ಪ್ರತಿ ವರ್ಷ ವಿಧಾನಸಭೆಯ ಮುಂದೆ ಇಡಬೇಕು ಅಂತ ಆ ವಿಧಿಯಲ್ಲೇ ಬರೆದಿದೆ. ಎಷ್ಟು ಜನಕ್ಕೆ ಇದು ಗೊತ್ತು? ದುಡ್ಡು ಕೊಡಿ ಅಂತ ಎಷ್ಟೋ ವರ್ಷ ಹೋರಾಟ ಮಾಡಿದ ನಾಡು ಇದು. ಬಂದ ದುಡ್ಡು ಎಲ್ಲಿಗೆ ಹೋಯಿತು ಅಂತ ಅಷ್ಟೇ ಗಟ್ಟಿಯಾಗಿ ಕೇಳುವುದು ಆ ಹೋರಾಟದ್ದೇ ಮುಂದಿನ ಭಾಗ ಅಂತ ನನ್ನ ನಂಬಿಕೆ.

ಶಾಸಕರೇ ಬೇಕು ಅಂತಲೂ ಇಲ್ಲ. 10 ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಯಾರು ಬೇಕಾದರೂ ಅಳತೆ ಪುಸ್ತಕದ ನಕಲು ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಪ್ರಸಾರ ಭಾರತಿಯೂ ಆ ಕಾಯ್ದೆ ಕೆಳಗೇ ಬರುತ್ತದೆ. ನಿಮ್ಮ ಊರಿನ ಶಾಸಕರಿಗೆ ಒಂದು ಊರು, ಒಂದು ದಿನಾಂಕ, ಒಂದು ಫೋಟೋ ಕೊಟ್ಟು ನೋಡಿ. ಬರೀ ‘ಭ್ರಷ್ಟಾಚಾರ ಆಗಿದೆ’ ಅಂತ ಬರೆದ ಹತ್ತು ಅರ್ಜಿಗಿಂತ ಅದು ನಮ್ಮ ಕಚೇರಿಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.

ತಪಾಸಣೆಗೆ ಜೀಪು ಬಂದಿದ್ದು ಮೂರು ವಾರದ ಮೇಲೆ. ನಾಲ್ಕರಲ್ಲಿ ಎರಡು ಘಟಕ ಈಗ ನಡೆಯುತ್ತಿವೆ. ಒಂದಕ್ಕೆ ಬೋರೇ ಬತ್ತಿದೆ, ಅದಕ್ಕೆ ಬೇರೆ ದಾರಿ ನೋಡಬೇಕು. ಶಾಲೆ ಪಕ್ಕದ್ದಕ್ಕೆ ಹೊಸ ಮೆಂಬ್ರೇನ್ ಹಾಕಿದ ದಿನ ಮುತ್ಯಾ ಆ ಹುಡುಗನ ಮೊಬೈಲಿನಿಂದ ನನಗೆ ಫೋನ್ ಮಾಡಿಸಿದರು. ನೀರು ಬಿದ್ದ ಸುದ್ದಿ ಹೇಳುತ್ತಾರೆ ಅಂದುಕೊಂಡೆ. ಅದನ್ನು ಒಂದೇ ಮಾತಿನಲ್ಲಿ ಮುಗಿಸಿ, “ನಾ ಕೇಳಿದ್ದು ಏನಾತಪಾ, ರೇಡಿಯೋದ್ದು?” ಅಂದರು.

ಹೊಸ ಕರಡು ಈಗ ನನ್ನ ಮುಂದಿದೆ. ‘ಮಾಧ್ಯಮವಾರು’ ಅಂತ ಸೇರಿಸಿದ್ದೇನೆ. ದೆಹಲಿಗೆ ಹೋಗುವುದರಲ್ಲಿ ಕಲಬುರಗಿ, ರಾಯಚೂರು, ಹೊಸಪೇಟೆ ಅಂತ ಮೂರೂ ಆಕಾಶವಾಣಿ ಕೇಂದ್ರಗಳ ಹೆಸರು ಬರೆದಿದ್ದೇನೆ. ಸಾಹೇಬರು ನಾಳೆ ಬೆಳಿಗ್ಗೆ ಸಹಿ ಹಾಕುತ್ತಾರೆ.